ಫ್ಲೈಓವರ್‌ಗೆ ದುಡ್ಡು ಸುರಿಯೋ ಮುಂಚೆ ಟ್ರಯಲ್ ಮಾಡಿ

ಸಂಪಾದಕರಿಗೆ ನಮಸ್ಕಾರ,

ಪೀಕ್ ಅವರ್ ಟ್ರಾಫಿಕ್ ಕಮ್ಮಿ ಮಾಡೋಕೆ ಏನ್ ಮಾಡ್ಬೇಕು ಅಂತ ನಿಮ್ಮ ಪತ್ರಿಕೇಲಿ ಕೆಲವು ದಿನದಿಂದ ಚರ್ಚೆ ನಡೀತಾ ಇದೆ. ಒಬ್ರು ರೋಡ್ ಅಗಲ ಮಾಡಿ ಅಂತಾರೆ, ಇನ್ನೊಬ್ರು ಫ್ಲೈಓವರ್ ಅಂತಾರೆ, ಮತ್ತೊಬ್ರಿಗೆ ಸಮ-ಬೆಸ ನಂಬರ್ (ನಂಬರ್ ಪ್ಲೇಟ್ ನೋಡಿ ದಿನ ಬಿಟ್ಟು ದಿನ ಗಾಡಿ ಬಿಡೋದು) ಬೇಕು, ಬಸ್ಸಿಗೆ ಮಾತ್ರ ಮೀಸಲಾದ ಬಸ್ ಲೇನ್ ಅಂದ್ರೆ ಮಾತ್ರ ಎಲ್ಲರಿಗೂ ಸಿಟ್ಟು. ಇವುಗಳಲ್ಲಿ ಯಾವುದು ಕೆಲಸ ಮಾಡುತ್ತೆ ಅಂತ ಹೇಗೆ ತೀರ್ಮಾನ ಮಾಡ್ತೀವಿ ಅನ್ನೋದನ್ನ ಮಾತ್ರ ಯಾರೂ ಬರೀತಿಲ್ಲ, ಅದಕ್ಕೇ ಈ ಪತ್ರ.

ರೋಡ್ ಅಗಲ ಮಾಡೋದನ್ನೇ ಮೊದ್ಲು ತಗೊಳ್ಳಿ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇ ಅಂತ ಒಂದು ಹೆದ್ದಾರಿ ಇದೆ, 2008ರಲ್ಲಿ ಅದನ್ನ ಅಗಲ ಮಾಡಿ ಮುಗಿಸಿದ್ರು, ಸರ್ವಿಸ್ ರೋಡ್ ಎಲ್ಲಾ ಸೇರಿಸಿ ಎಣಿಸಿದ್ರೆ ಕೆಲವು ಕಡೆ 26 ಲೇನ್! ಆದ್ರೂ 2011ರಿಂದ 2014ರೊಳಗೆ ಪೀಕ್ ಅವರ್‌ನಲ್ಲಿ ಅಲ್ಲಿ ಹೋಗೋಕೆ ಹಿಡಿಯೋ ಟೈಮ್ ಮತ್ತೆ ಏರಿತು. ಯಾಕೆ ಹೀಗೆ ಅಂದ್ರೆ, ಜಾಮ್‌ಗೆ ಹೆದರಿ ಬೆಳಿಗ್ಗೆ ಬೇಗ ಹೊರಡ್ತಿದ್ದೋರು, ಒಳರಸ್ತೇಲಿ ಸುತ್ತಿ ಹೋಗ್ತಿದ್ದೋರು, ಬಸ್ ಹತ್ತಿದ್ದೋರು ಎಲ್ಲರೂ ರೋಡ್ ಖಾಲಿ ಆಯ್ತಂತೆ ಅಂತ ಅದೇ ಟೈಮಿಗೆ ಅಲ್ಲಿಗೇ ವಾಪಸ್ ಬರ್ತಾರೆ, ಆಮೇಲೆ ಅದೇ ರೋಡ್ ನಂಬ್ಕೊಂಡು ಜನ ಇನ್ನೂ ದೂರದಲ್ಲಿ ಮನೆ ಮಾಡ್ತಾರೆ. ಅಗಲ ಮಾಡಿದ್ರೆ ಪ್ರಯೋಜನವೇ ಇಲ್ಲ ಅಂತಲ್ಲ, ಜಾಸ್ತಿ ಜನ ಓಡಾಡ್ತಾರೆ ನಿಜ, ಆದ್ರೆ ಜಾಮ್ ಹೋಗುತ್ತೆ ಅಂತ ಹೇಳಿ ದುಡ್ಡು ಕೇಳೋದು ಸರಿ ಅಲ್ಲ.

ಫ್ಲೈಓವರ್ ಕಥೆ ಗೊತ್ತಾಗ್ಬೇಕು ಅಂದ್ರೆ ಬೆಳಿಗ್ಗೆ ಹೊತ್ತಲ್ಲಿ ಅದು ಇಳಿಯೋ ಜಾಗದಲ್ಲಿ ಹೋಗಿ ನಿಂತ್ಕೊಳ್ಳಿ. ಮೇಲಿಂದ ಎರಡು ಸಾಲಲ್ಲಿ ಬರ್ತಾ ಇರ್ತಾರೆ, ಕೆಳಗಿನ ಸರ್ವಿಸ್ ರೋಡಿಂದ ಇನ್ನೊಂದು ಸಾಲು, ಮೂರೂ ಸೇರಿ ಎರಡು ಸಾಲಾಗಬೇಕು, ಸರಿಯಾಗಿ ಅಲ್ಲೇ ಒಂದು ಬಸ್ ಸ್ಟಾಪ್, ಬಸ್ ಒಳಗೆ ತಿರುಗಿಸೋ ಜಾಗದಲ್ಲಿ ಯಾರೋ ಕಾರ್ ನಿಲ್ಲಿಸಿ ಹೋಗಿರ್ತಾರೆ, ಹಾಗಾಗಿ ಬಸ್ ಅರ್ಧ ರೋಡಲ್ಲೇ ನಿಲ್ಲುತ್ತೆ, ಮೇಲಿಂದ ಬಂದೋರಲ್ಲಿ ಕೆಲವರಿಗೆ ಮುಂದಿನ ತಿರುವಲ್ಲೇ ತಿರುಗ್ಬೇಕು, ಸರ್ವಿಸ್ ರೋಡೋರಿಗೆ ಅದರ ಉಲ್ಟಾ ಕಡೆಗೆ ಹೋಗ್ಬೇಕು. ಹಿಂದಿನ ಸಿಗ್ನಲ್‌ನಲ್ಲಿದ್ದ ಕ್ಯೂ ಈಗ ಸೇತುವೆ ಮೇಲೆ ಬಂದು ನಿಂತಿದೆ, ಅಷ್ಟೇ. ಆ ಬಸ್ ಸ್ಟಾಪನ್ನ ಸ್ವಲ್ಪ ಮುಂದಕ್ಕೆ ಹಾಕಿ, ಪಾರ್ಕಿಂಗ್ ಎತ್ತಿಸಿ, ಸಿಗ್ನಲ್ ಟೈಮಿಂಗ್ ಸರಿ ಮಾಡೋಕೆ ಎಷ್ಟು ಖರ್ಚಾಗುತ್ತೆ? ಆದ್ರೆ ಇಂಥ ಕೆಲಸಕ್ಕೆ ಶಂಕುಸ್ಥಾಪನೆ ಮಾಡೋಕಾಗಲ್ಲ ನೋಡಿ.

ಸಮ-ಬೆಸದ ಬಗ್ಗೆ ಜಾಸ್ತಿ ಹೇಳೋದಿಲ್ಲ. ಮೆಕ್ಸಿಕೋ ಸಿಟೀಲಿ 1989ರಿಂದ ನಂಬರ್ ಪ್ಲೇಟ್ ನೋಡಿ ವಾರಕ್ಕೊಂದು ದಿನ ಗಾಡಿ ಬಿಡಬೇಡಿ ಅಂದ್ರು, ಕೈಯಲ್ಲಿ ದುಡ್ಡಿದ್ದೋರು ಇನ್ನೊಂದು ಹಳೇ ಕಾರ್ ತಗೊಂಡ್ರು. ನಾಲ್ಕು ದಿನದ ತುರ್ತಿಗೆ ಆಗ್ಬಹುದೇನೋ, ಅದಕ್ಕಿಂತ ಜಾಸ್ತಿ ನಡೆಯಲ್ಲ. ಆಫೀಸ್ ಟೈಮ್ ಹಿಂದೆ ಮುಂದೆ ಮಾಡೋದು ಒಳ್ಳೇದೇ, ಖರ್ಚೂ ಇಲ್ಲ, ಆದ್ರೆ ಮಕ್ಕಳ ಸ್ಕೂಲ್ ಟೈಮ್ ಬದಲಾಗದೆ ಅಪ್ಪ ಅಮ್ಮನ ಟೈಮ್ ಹೇಗೆ ಬದಲಾಗುತ್ತೆ ಹೇಳಿ.

ಇನ್ನು ಬಸ್ ಲೇನ್. ಇಡೀ ಲೇನ್ ಖಾಲಿ ಬಿದ್ದಿರುತ್ತೆ, ನಾವು ಪಕ್ಕದಲ್ಲಿ ಒದ್ದಾಡ್ತೀವಿ ಅನ್ನೋದೇ ಎಲ್ಲರ ಕಂಪ್ಲೇಂಟು. ಲೆಕ್ಕ ಹಾಕಿ: ಸಿಗ್ನಲ್ಲೇ ಇಲ್ಲದ ಒಳ್ಳೇ ಹೆದ್ದಾರೀಲೂ ಒಂದು ಲೇನಲ್ಲಿ ಗಂಟೆಗೆ ಸುಮಾರು 2000 ಕಾರ್ ದಾಟುತ್ತೆ, ಸಿಗ್ನಲ್ ಇದ್ರೆ ಅದಕ್ಕಿಂತ ತುಂಬಾನೇ ಕಮ್ಮಿ, ಅದರಲ್ಲೂ ಹೆಚ್ಚಿನ ಕಾರಲ್ಲಿ ಡ್ರೈವರ್ ಒಬ್ರೇ. ನಿಮಿಷಕ್ಕೊಂದು ಬಸ್, ಒಂದೊಂದರಲ್ಲಿ 60 ಜನ ಅಂದ್ರೂ ಗಂಟೆಗೆ 3600 ಜನ. ನಿಮಿಷಕ್ಕೊಂದು ಬಸ್ ಹೋಗೋ ಲೇನ್ ನೋಡೋಕೆ ಖಾಲೀನೇ ಇರುತ್ತೆ ಸ್ವಾಮಿ, ಖಾಲಿ ಇರೋದಕ್ಕೇ ಬಸ್ ನಿಲ್ಲದೆ ಹೋಗ್ತಾ ಇರೋದು. ಆದ್ರೆ ಅರ್ಧ ಗಂಟೆಗೊಂದು ಬಸ್ ಬಿಟ್ಟು ಲೇನ್ ಹೊಡೆದ್ರೆ ಬೈಯೋರದ್ದೇ ಸರಿ. ಮೊದ್ಲು ಬಸ್ ಜಾಸ್ತಿ ಮಾಡಿ, ಆಮೇಲೆ ಲೇನ್.

ಸ್ವೀಡನ್ನಿನ ಸ್ಟಾಕ್‌ಹೋಮ್‌ನೋರು ಮಾಡಿದ್ದೂ ಹೀಗೇ. 2005ರಲ್ಲಿ ಬಸ್ ಜಾಸ್ತಿ ಬಿಟ್ರು, 2006ರ ಜನವರಿಯಿಂದ ಜುಲೈವರೆಗೆ ಊರೊಳಗೆ ಬಂದು ಹೋಗೋ ಗಾಡಿಗಳಿಗೆ ಪೀಕ್ ಅವರ್‌ನಲ್ಲಿ ಜಾಸ್ತಿ, ಹಗಲಿನ ಉಳಿದ ಟೈಮಲ್ಲಿ ಕಮ್ಮಿ ಶುಲ್ಕ ಹಾಕಿ ನೋಡಿದ್ರು, ಒಳಗೆ ಬಂದು ಹೋಗೋ ಗಾಡಿ ಸುಮಾರು ಶೇ 20ರಷ್ಟು ಕಮ್ಮಿ ಆಯ್ತು. ಆಮೇಲೆ ಶುಲ್ಕ ನಿಲ್ಲಿಸಿದ್ರು, ಗಾಡಿಗಳು ಮತ್ತೆ ಹೆಚ್ಚಾದವು, ಸೆಪ್ಟೆಂಬರ್‌ನಲ್ಲಿ ಜನರ ಹತ್ರ ವೋಟ್ ಹಾಕಿಸಿದ್ರು. ಮೊದ್ಲು ಬೇಡ್ವೇ ಬೇಡ ಅಂತಿದ್ದ ಊರಲ್ಲಿ ಬೇಕು ಅನ್ನೋರೇ ಗೆದ್ರು, 2007ರ ಆಗಸ್ಟಿಂದ ಅದು ಕಾಯಂ ಆಯ್ತು. ಶುಲ್ಕ ನಮಗೂ ಬೇಕು ಅಂತ ನಾನು ಹೇಳ್ತಿಲ್ಲ, ಬಸ್ ಸರಿ ಇಲ್ಲದ ಕಡೆ ಅದು ಬಡವರ ಮೇಲೆ ದಂಡ ಹಾಕಿದ ಹಾಗೆ. ಆದ್ರೆ ಹಾಕಿ ನೋಡೋದು, ತೆಗೆದು ನೋಡೋದು, ಎರಡನ್ನೂ ಅಳೆಯೋದು, ಈ ಪದ್ಧತಿ ಯಾವ ಊರಿಗಾದ್ರೂ ಆಗುತ್ತೆ. ಬಸ್ ಲೇನನ್ನ ಕೋನ್ ಇಟ್ಟು ಟ್ರಯಲ್ ಮಾಡ್ಬಹುದು, ಸಿಗ್ನಲನ್ನ ಒಂದೇ ದಿನದಲ್ಲಿ ಬದಲಾಯಿಸಿ ವಾಪಸ್ ತರಬಹುದು, ಫ್ಲೈಓವರ್ ಕಟ್ಟಿ ಆದ್ಮೇಲೆ ಇಷ್ಟ ಆಗ್ಲಿಲ್ಲ ಅಂದ್ರೆ ಏನ್ ಮಾಡ್ತೀರಾ?

ಆದ್ದರಿಂದ ಅಧಿಕಾರಿಗಳಲ್ಲಿ ನನ್ನ ವಿನಂತಿ, ಯಾವ ಪ್ಲಾನ್ ತಂದ್ರೂ ಅದರ ಜೊತೆ ಈಗ ಆ ರೋಡಲ್ಲಿ ಪೀಕ್ ಅವರ್‌ನಲ್ಲಿ ಎಷ್ಟು ಜನ (ಗಾಡಿ ಅಲ್ಲ, ಜನ) ದಾಟ್ತಾರೆ, ಎಷ್ಟು ಟೈಮ್ ಹಿಡಿಯುತ್ತೆ, ಅದೇ ಸಂಖ್ಯೆ ಟ್ರಯಲ್ ಆದ್ಮೇಲೆ ಎಷ್ಟಾಯ್ತು ಅಂತ ಪತ್ರಿಕೇಲಿ ಹಾಕ್ಸಿ. ಬಸ್ಸಿಗೆ ಜಿಪಿಎಸ್ ಇದ್ರೆ ಅರ್ಧ ಲೆಕ್ಕ ಅದರಲ್ಲೇ ಸಿಗುತ್ತೆ, ಉಳಿದದ್ದಕ್ಕೆ ಎರಡು ಜಂಕ್ಷನ್‌ನಲ್ಲಿ ಎಣಿಸೋಕೆ ಜನ ನಿಲ್ಲಿಸಿದ್ರೆ ಸಾಕು.

ಇತಿ,
ನಿಮ್ಮ ಖಾಯಂ ಓದುಗ