ಆ ಭಯ ಹುಟ್ಟಿಸಿದವಳು ನಾನೇ

ಚಿ. ರಘುವಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿನ್ನಮ್ಮ ನಿನ್ನೆ ಫೋನಿನಲ್ಲಿ "ಅಕ್ಕಾ, ಸಿ.ಟಿ. ಬೇಕಾದರೆ ಮಾಡಲಿ, ಆ ಡೈ ಮಾತ್ರ ಬೇಡ, ಕಿಡ್ನಿ ಹೋಗಿಬಿಡುತ್ತೆ" ಎಂದು ಹಟ ಹಿಡಿದಳು. ಚಿತ್ರ ಸ್ಪಷ್ಟವಾಗಲೆಂದು ಸ್ಕ್ಯಾನಿನ ಹೊತ್ತಿಗೆ ರಕ್ತನಾಳಕ್ಕೆ ಚುಚ್ಚುವ ಆ ಡೈಯ ಭಯವನ್ನು ಅವಳ ತಲೆಗೆ ತುಂಬಿದವಳು ನಾನು. ಈಗ ನಾನು ಹೇಳಿದರೆ ಅವಳು ಕೇಳುವುದಿಲ್ಲ, ನೀನು ಹೇಳಿದರೆ ಕೇಳುತ್ತಾಳೆ. ಅದಕ್ಕೇ ಈ ಕಾಗದ.

ನಿನ್ನ ದೊಡ್ಡಪ್ಪನಿಗೆ ಹೊಟ್ಟೆಯಲ್ಲಿ ಸೋಂಕಾಗಿ ಡೈ ಹಾಕಿ ಸ್ಕ್ಯಾನ್ ಮಾಡಿಸಿದಾಗ 1.1 ಇದ್ದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಸಿ ಹೊರಹಾಕಬೇಕಾದ ರಕ್ತದ ಕಸ) ಮೂರನೇ ದಿನಕ್ಕೆ 1.8 ಆಯಿತು. ಹತ್ತು ದಿನದಲ್ಲಿ ಇಳಿಯಿತು ಕೂಡ. ಇಳಿದದ್ದನ್ನು ಯಾರಿಗೂ ಹೇಳಲಿಲ್ಲ, ಏರಿದ್ದನ್ನು ಮಾತ್ರ ಬಂದವರಿಗೆಲ್ಲ ಹೇಳಿಕೊಂಡು ತಿರುಗಿದೆ. ಎಷ್ಟೋ ವರ್ಷದ ಮೇಲೆ ಹಳೆಯ ಫೈಲು ಬಿಚ್ಚಿ ದಿನದಿನದ ಚೀಟಿ ಜೋಡಿಸಿದರೆ ಏನಿತ್ತು ಗೊತ್ತೇ? ನಾಲ್ಕು ದಿನದ ಜ್ವರ, ವಾಂತಿ, ಇಳಿದ ಬಿ.ಪಿ., ನೋವಿಗೆ ಡೈಕ್ಲೋಫೆನಾಕ್, ಸೋಂಕಿಗೆ ಜೆಂಟಾಮೈಸಿನ್. ಇವುಗಳಲ್ಲಿ ಒಂದೊಂದೂ ಮೂತ್ರಪಿಂಡಕ್ಕೆ ಪೆಟ್ಟು ಕೊಡಬಲ್ಲದ್ದೇ. ನಾನು ಎಲ್ಲವನ್ನೂ ಡೈ ತಲೆಗೆ ಕಟ್ಟಿದ್ದೆ.

ವೈದ್ಯರೂ ಬಹಳ ಕಾಲ ಹೀಗೇ ಲೆಕ್ಕ ಹಾಕುತ್ತಿದ್ದರು. ಆಮೇಲೆ ಡೈ ಹಾಕಿಸಿಕೊಂಡವರನ್ನೂ ಡೈ ಇಲ್ಲದೆ ಸ್ಕ್ಯಾನ್ ಆದ ಅಂಥದೇ ರೋಗಿಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಹಲವು ಅಧ್ಯಯನಗಳಲ್ಲಿ ಕ್ರಿಯಾಟಿನಿನ್ ಏರಿದ್ದು ಎರಡೂ ಕಡೆ ಹೆಚ್ಚುಕಡಿಮೆ ಅಷ್ಟಷ್ಟೇ. ಹಾಗೆಂದು ಡೈ ಪೂರ್ತಿ ನಿರಪರಾಧಿಯೂ ಅಲ್ಲ. ಹೆಸರಿಗೆ ಡೈ, ಬಣ್ಣವೇನೂ ಇಲ್ಲದ ಅಯೋಡಿನ್ ದ್ರವ ಅದು; ಮೂತ್ರಪಿಂಡದ ಒಳಗಿನ ಸಣ್ಣ ರಕ್ತನಾಳಗಳನ್ನು ಬಿಗಿಮಾಡುತ್ತದೆ, ಅಲ್ಲಿನ ಜೀವಕೋಶಗಳಿಗೂ ಸ್ವಲ್ಪ ವಿಷವೇ. ಮೊದಲೇ ಸೋತ ಮೂತ್ರಪಿಂಡ ಅದನ್ನು ತಡೆಯಲಾರದೇ ಹೋಗಬಹುದು.

ಸೋತಿದೆಯೋ ಇಲ್ಲವೋ ಎಂದು ತಿಳಿಯಲು ಕ್ರಿಯಾಟಿನಿನ್ ಒಂದನ್ನೇ ನೋಡಬೇಡ, ಇ-ಜಿಎಫ್‌ಆರ್ ಕೇಳು; ವಯಸ್ಸು, ಗಂಡು-ಹೆಣ್ಣು ನೋಡಿ ಮೂತ್ರಪಿಂಡ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ಹಾಕುವ ಅಂದಾಜು ಅದು. ಅಮ್ಮನ 1.3ಕ್ಕೆ, ಅವಳ 62ನೇ ವಯಸ್ಸಿಗೆ, ಅದು ಸುಮಾರು 46 ಬರುತ್ತದೆ. ಅದೇ 1.3 ಇರುವ 25ರ ಹುಡುಗನಿಗೆ 78ರ ಹತ್ತಿರ! ಅಮೆರಿಕದ ರೇಡಿಯಾಲಜಿ ತಜ್ಞರೂ ಕಿಡ್ನಿ ತಜ್ಞರೂ 2020ರಲ್ಲಿ ಕೂಡಿ ಹೇಳಿದ್ದು ಇಷ್ಟು: ಮುಖ್ಯ ಅಪಾಯ 30ಕ್ಕಿಂತ ಕೆಳಗಿರುವವರಿಗೆ, ಮತ್ತು ಆಗಲೇ ಮೂತ್ರಪಿಂಡಕ್ಕೆ ಹೊಸದಾಗಿ ಪೆಟ್ಟು ಬಿದ್ದಿರುವವರಿಗೆ. ಅಂಥವರಿಗೆ ಸ್ಕ್ಯಾನಿಗೆ ಮುಂಚೆ, ಆಮೇಲೆ ಸಲೈನ್ ಕೊಡುತ್ತಾರೆ. 30ರಿಂದ 44ರ ನಡುವೆ ಇದ್ದರೆ ವೈದ್ಯರು ಆಯಾ ರೋಗಿಯನ್ನು ನೋಡಿ ತೀರ್ಮಾನಿಸುತ್ತಾರೆ. ಅಮ್ಮ ಆ ಗೆರೆಗೆ ತೀರ ಹತ್ತಿರ ಇದ್ದಾಳೆ, ರಿಪೋರ್ಟು ಬೇರೆ ಮೂರು ತಿಂಗಳು ಹಳೆಯದು. ಇನ್ನೊಮ್ಮೆ ರಕ್ತ ಕೊಡಿಸು.

ನನಗೆ ನಿಜವಾಗಿ ಹೆದರಿಕೆ ಇರುವುದು ಡೈಗಲ್ಲ, ಮಂಡಿನೋವಿಗೆ ಅವಳು ಯಾರಿಗೂ ಹೇಳದೆ ನುಂಗುವ ಮಾತ್ರೆಗೆ. ಅವಳ ಕೈಚೀಲ ನೋಡು, ಸಿಕ್ಕೇ ಸಿಗುತ್ತದೆ. ವೈದ್ಯರಿಗೆ ತೋರಿಸಿ ನಿಲ್ಲಿಸು. ಖಾಲಿಹೊಟ್ಟೆ ಎಂದರೆ ಹಿಂದಿನ ರಾತ್ರಿಯಿಂದ ನೀರೂ ಮುಟ್ಟಬಾರದು ಎಂದು ಅವಳು ತಿಳಿದುಕೊಳ್ಳುತ್ತಾಳೆ. ನೀರು ಎಲ್ಲಿಯವರೆಗೆ ಕುಡಿಯಬಹುದು ಎಂದು ಮೊದಲೇ ಕೇಳಿಟ್ಟುಕೋ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಬಗ್ಗೆಯೂ ಕೇಳು. ಅದು ಮೂತ್ರಪಿಂಡ ಕೆಡಿಸುವ ಮಾತ್ರೆಯಲ್ಲ, ಆದರೆ ಮೂತ್ರಪಿಂಡ ನಿಧಾನವಾದರೆ ಮೈಯಲ್ಲೇ ಉಳಿದು ರಕ್ತದಲ್ಲಿ ಆಮ್ಲ ಹೆಚ್ಚಿಸೀತು. ನಿಲ್ಲಿಸಿ ಎಂದರೆ, 48 ಗಂಟೆಯ ಮೇಲೆ ಮತ್ತೆ ರಕ್ತ ನೋಡಿ ಶುರುಮಾಡಿಸುತ್ತಾರೆ.

ಡೈ ಬೇಡವೆಂದು ಹಟ ಮಾಡಿದರೆ ಸ್ಕ್ಯಾನೇನೋ ಆಗುತ್ತದೆ. ಆದರೆ ವೈದ್ಯರು ಹುಡುಕುತ್ತಿರುವ ಗಂಟು ಕಾಣದೇ ಹೋಗಬಹುದು. ಆಮೇಲೆ ಇನ್ನೊಂದು ಸ್ಕ್ಯಾನು, ಇನ್ನಷ್ಟು ದಿನ.

ಒಂದು ಮಾತು ಅವಳಿಗೆ ಮುಂಚೆಯೇ ಹೇಳಿರು: ಡೈ ಒಳಗೆ ಹೋಗುವಾಗ ಮೈಯೆಲ್ಲ ಬೆಚ್ಚಗಾಗಿ ಉಚ್ಚೆ ಹೋಯಿತೇನೋ ಅನ್ನಿಸುತ್ತದೆ. ಹೋಗಿರುವುದಿಲ್ಲ. ನಿನ್ನ ದೊಡ್ಡಪ್ಪ ಇದನ್ನು ತಿಳಿಯದೆ ನಾಚಿ ಅರ್ಧ ಗಂಟೆ ಮಂಚದಿಂದ ಇಳಿಯಲೇ ಇಲ್ಲ. ಉಸಿರು ಕಟ್ಟಿದರೆ, ಮೈ ದದ್ದೆದ್ದರೆ ಮಾತ್ರ ಕೂಡಲೇ ಕೂಗಬೇಕು.

ಸಂಜೆ ಅವಳ ಕೈಲೇ ಫೋನ್ ಮಾಡಿಸು.

ಇಂತಿ,
ನಿನ್ನ ದೊಡ್ಡಮ್ಮ