ನೊಣದ ಆಯಸ್ಸಿನ ಪ್ರಯೋಗ: ಪುಡಿ ತಿನ್ನದ ನೊಣದ ಲೆಕ್ಕವನ್ನೂ ಅಚ್ಚು ಹಾಕಿ

ಮಾನ್ಯ ಸಂಪಾದಕರೇ,

ಹಣ್ಣಿನ ನೊಣಕ್ಕೆ ಅರಿಶಿನ, ನೆಲ್ಲಿ, ಒಂದೆಲಗ ಇಲ್ಲವೇ ಅಂಗಡಿಯ ಯಾವುದೋ ಪೌಷ್ಟಿಕ ಮಾತ್ರೆ ತಿನ್ನಿಸಿ ಆಯಸ್ಸು ಅಳೆಯುವ ಪ್ರಾಜೆಕ್ಟು ವಿಜ್ಞಾನ ಮೇಳಗಳಿಗೆ ಹೇಳಿ ಮಾಡಿಸಿದಂಥದ್ದು. ಖರ್ಚು ಕಡಿಮೆ, ಮೂರು ತಿಂಗಳೊಳಗೆ ಮುಗಿಯುತ್ತದೆ, ಮನೆಯ ಒಂದು ಕಪಾಟು ಸಾಕು. ಮಕ್ಕಳು ಮಾಡಲಿ, ದೊಡ್ಡವರೂ ಮಾಡಲಿ. ಆದರೆ ‘ಈ ಪುಡಿ ತಿಂದ ನೊಣ ಇಷ್ಟು ದಿನ ಹೆಚ್ಚು ಬದುಕಿತು’ ಎಂದು ಸುದ್ದಿಯಾಗುವಾಗ, ಪುಡಿ ತಿನ್ನದ ನೊಣ ಎಷ್ಟು ದಿನ ಬದುಕಿತು ಎಂಬ ಅಂಕಿ ಬಿಟ್ಟುಹೋದರೆ ಓದುಗರಿಗೆ ಏನೂ ತಿಳಿದಂತಾಗುವುದಿಲ್ಲ. ಆ ಅಂಕಿಯನ್ನು ನಿಮ್ಮ ವರದಿಗಾರರು ಮೊದಲು ಕೇಳಲಿ.

ಯಾಕೆಂದರೆ 25 ಡಿಗ್ರಿ ಶಾಖದಲ್ಲಿ ಸರಿಯಾಗಿ ಸಾಕಿದ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್, ಅಂದರೆ ಪ್ರಯೋಗಕ್ಕೆ ಬಳಸುವ ಈ ಹಣ್ಣಿನ ನೊಣ, ಸಾಮಾನ್ಯವಾಗಿ 50ರಿಂದ 70 ದಿನ ಬದುಕುತ್ತದೆ. ಹೋಲಿಕೆಗೆಂದು ಇಟ್ಟ ಗುಂಪಿನ ಅರ್ಧ ನೊಣಗಳು 25–30 ದಿನಕ್ಕೇ ಸತ್ತಿದ್ದರೆ ಅವು ಮುದಿಯಾಗಿ ಸತ್ತದ್ದಲ್ಲ. ಬೂಸಲು, ಒದ್ದೆ ಮೇವು, ಸೆಕೆ ಇವುಗಳಲ್ಲಿ ಯಾವುದೋ ಒಂದು ಕೊಂದಿದೆ. ಅಂಥ ಟ್ಯೂಬಿಗೆ ಬೂಸಲು ತಡೆಯುವ ಯಾವ ಪುಡಿ ಹಾಕಿದರೂ ಆಯಸ್ಸು ‘ಹೆಚ್ಚಾಗುತ್ತದೆ’. ಅರಿಶಿನ ಹಾಕಿದ ಬಹಳಷ್ಟು ಪ್ರಯೋಗಗಳ ಗುಟ್ಟು ಇಷ್ಟೇ ಇರಬಹುದು.

ಮೊದಲು ನೊಣದ ವಿಚಾರ. ಮಾವಿನ ತೋಟದವರು ಬಲೆ ಕಟ್ಟಿ ಹಿಡಿಯುವ ಹಣ್ಣು ನೊಣ ಬೇರೆ, ಇದು ಕೊಳೆತ ಬಾಳೆಹಣ್ಣಿನ ಮೇಲೆ ಮುತ್ತುವ ಸಣ್ಣದು. ಬಾಳೆಹಣ್ಣು ಇಟ್ಟು ಹಿಡಿದರೆ ಮಲೆನಾಡಿನಲ್ಲಿ ಒಂದೇ ಡಬ್ಬಿಗೆ ನಾಲ್ಕಾರು ಜಾತಿ ಬೀಳುತ್ತವೆ. ಬೆನ್ನಿನ ಮೇಲೆ ಬಿಳಿ ಪಟ್ಟೆ ಇರುವ ಜಾಪ್ರಿಯೋನಸ್ ಕಣ್ಣಿಗೇ ಗೊತ್ತಾಗುತ್ತದೆ. ಅನನಾಸೆ, ಮಲೆರ್ಕೋಟ್ಲಿಯಾನದಂಥವು ಲೆನ್ಸ್ ಇಲ್ಲದೆ ಗೊತ್ತಾಗುವುದಿಲ್ಲ. ಒಂದೊಂದರ ಆಯಸ್ಸು ಒಂದೊಂದು. ಬೆರಕೆ ನೊಣಗಳನ್ನು ಎರಡು ಗುಂಪು ಮಾಡಿದರೆ ಏನನ್ನೂ ತಿನ್ನಿಸದೆಯೂ ವ್ಯತ್ಯಾಸ ಬಂದೀತು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಡ್ರೊಸೊಫಿಲಾ ತಳಿ ಕೇಂದ್ರವಿದೆ. ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಮೂಲಕ ಗುರುತಿರುವ ತಳಿ ತರಿಸಿಕೊಳ್ಳುವುದು ಮೇಲು.

ಮೇವಿಗೆ ಮೈಸೂರಿನ ಕಡೆ ರೂಢಿಯಲ್ಲಿರುವ ರವೆ-ಬೆಲ್ಲದ ಪಾಕವೇ ಸಾಕು. ಒಂದು ಲೀಟರ್ ನೀರಿಗೆ ರವೆ 100 ಗ್ರಾಂ, ಬೆಲ್ಲ 100 ಗ್ರಾಂ, ಹೆಪ್ಪುಗಟ್ಟಿಸಲು ಅಗರ್ 10 ಗ್ರಾಂ, ಬೂಸಲು ತಡೆಯಲು ಪ್ರೊಪಿಯೋನಿಕ್ ಆಮ್ಲ 7.5 ಮಿ.ಲೀ. ಮೇಲೆ ಒಣ ಯೀಸ್ಟನ್ನು ಚಿಟಿಕೆ ಉದುರಿಸುವ ಪದ್ಧತಿ ನೊಣ ಸಾಕುವುದಕ್ಕೆ ಸರಿ, ಆಯಸ್ಸು ಅಳೆಯುವುದಕ್ಕೆ ಸರಿಯಲ್ಲ. ನೊಣ ಮೇಲಿನ ಯೀಸ್ಟ್ ತಿಂದು ಕೆಳಗಿನ ಔಷಧಿಯನ್ನು ಬಿಟ್ಟುಬಿಡುತ್ತದೆ. ಅಲ್ಲದೆ ಯೀಸ್ಟಿನ ಪ್ರಮಾಣವೊಂದೇ ಸಾಕು, ಆಯಸ್ಸನ್ನು ಬದಲಿಸಬಲ್ಲದು. ತೀರಾ ಹೆಚ್ಚಾದರೆ ಮೊಟ್ಟೆ ಹೆಚ್ಚು, ಆಯಸ್ಸು ಕಡಿಮೆ. ಆದ್ದರಿಂದ ಲೀಟರಿಗೆ 20 ಗ್ರಾಂನಂತೆ ತೂಗಿ ಮೇವಿನಲ್ಲೇ ಕುದಿಸಿಬಿಡಿ. ಬೆಲ್ಲ, ರವೆ, ಯೀಸ್ಟನ್ನು ಇಡೀ ಪ್ರಯೋಗಕ್ಕೆ ಆಗುವಷ್ಟು ಒಂದೇ ಸಲ ಕೊಂಡಿಡಬೇಕು. ನಡುವೆ ಬೆಲ್ಲ ಮುಗಿಯಿತೆಂದು ಮನೆಯ ಜೋನಿ ಬೆಲ್ಲ ಸುರಿದರೆ ನೀರಿನ ಅಂಶ ಏರುತ್ತದೆ, ಮೇವು ಗಟ್ಟಿಯಾಗದೆ ನೊಣ ಅಂಟಿಕೊಂಡು ಸಾಯುತ್ತದೆ.

ಪುಡಿ ಬೆರೆಸುವ ಹೊತ್ತೇ ನಾಜೂಕಾದದ್ದು. ಅಗರ್ 40 ಡಿಗ್ರಿ ಹತ್ತಿರ ಹೆಪ್ಪುಗಟ್ಟುತ್ತದೆ. ಸಿ ವಿಟಮಿನ್‌ನಂಥವು ಕುದಿಯುವ ಪಾಕದಲ್ಲಿ ಹಾಳಾಗುತ್ತವೆ. ಹಾಗಾಗಿ ಒಲೆಯಿಂದಿಳಿಸಿ 60ಕ್ಕೆ ಬಂದಾಗ ಪ್ರೊಪಿಯೋನಿಕ್ ಆಮ್ಲ, 50ರ ಸುಮಾರಿಗೆ ಪುಡಿಯ ದ್ರಾವಣ, ಕೂಡಲೇ ಟ್ಯೂಬಿಗೆ. ಆಮ್ಲದ ಘಾಟು ಜೋರು, ಕೈಗೆ ತಾಗಿದರೆ ಸುಡುತ್ತದೆ; ಕಿಟಕಿ ತೆರೆದು, ಕೈಗವಸು ಹಾಕಿ ದೊಡ್ಡವರೇ ಹಾಕಲಿ.

ಗುಂಪುಗಳಿಗೆ ಬೇರೆ ಬೇರೆ ಪಾತ್ರೆಯಲ್ಲಿ ಬೇಯಿಸಬಾರದು. ಮೂರು ಗುಂಪು, ಗುಂಪಿಗೆ 10 ಟ್ಯೂಬು, ಟ್ಯೂಬಿಗೆ 20 ನೊಣದಂತೆ 600 ನೊಣ ಎಂದಿಟ್ಟುಕೊಳ್ಳಿ. ಒಂದೇ ಪಾತ್ರೆಯಲ್ಲಿ ಬೇಯಿಸಿ ತಲಾ 45 ಮಿ.ಲೀ.ನಂತೆ ಮೂರು ಪಾಲು ಮಾಡಿ. ಪುಡಿಯನ್ನು ಮಿ.ಲೀ.ಗೆ 2 ಮಿಲಿಗ್ರಾಂನಂತೆ ಕೊಡುವುದಾದರೆ ಒಂದು ಪಾಲಿಗೆ ಬೇಕಾದದ್ದು 0.1 ಗ್ರಾಂ, ಅಡುಗೆಮನೆಯ ತಕ್ಕಡಿಗೆ ಅದು ಸಿಗುವುದಿಲ್ಲ. ಒಂದು ಗ್ರಾಂ ಪುಡಿಯನ್ನು 50 ಮಿ.ಲೀ. ನೀರಿನಲ್ಲಿ ಕರಗಿಸಿ, ಅದರಿಂದ 5 ಮಿ.ಲೀ. ಸಿರಿಂಜಿನಲ್ಲಿ ಎಳೆದು ಹಾಕಿದರೆ ಲೆಕ್ಕ ಸರಿಯಾಗುತ್ತದೆ. ಉಳಿದ ಪಾಲುಗಳಿಗೂ ಬರಿಯ ನೀರು 5 ಮಿ.ಲೀ. ಬೀಳಲೇಬೇಕು. ಅರಿಶಿನದ ಕರ್ಕ್ಯುಮಿನ್ ನೀರಿನಲ್ಲಿ ಕರಗದು, ಆಲ್ಕೋಹಾಲ್ ಬೇಕು. ಆಗ ಅಷ್ಟೇ ಆಲ್ಕೋಹಾಲ್ ಹೋಲಿಕೆಯ ಗುಂಪಿಗೂ ಹೋಗಬೇಕು. ಇದನ್ನು ಮರೆತ ಪ್ರಯೋಗ ಅಳೆಯುವುದು ಆಲ್ಕೋಹಾಲನ್ನೋ ಅರಿಶಿನವನ್ನೋ ಹೇಳುವಂತಿಲ್ಲ.

ಮೂರನೆಯ ಗುಂಪು ಯಾಕೆ ಎಂಬುದಕ್ಕೆ ನಮ್ಮದೇ ಉಪ್ಪಾಗೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಸಾಗರ, ಹೊಸನಗರ, ಶಿರಸಿಯ ಕಾಡಿನ ಉಪ್ಪಾಗೆ ಸಿಪ್ಪೆಯ ಸಾರವೇ ‘ಗಾರ್ಸಿನಿಯಾ’ ಎಂಬ ಹೆಸರಿನಲ್ಲಿ ತೂಕ ಇಳಿಸುವ ಮಾತ್ರೆಯಾಗಿ ಬರುತ್ತದೆ. ಅದರಲ್ಲಿರುವುದು ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಎಂದರೆ ಹುಳಿ. ಈ ಹುಳಿ ಸೇರಿಸಿ ಪಾಕ ಕುದಿಸಿದರೆ ಅಗರ್ ಒಡೆದು ಹೆಪ್ಪು ಸಡಿಲವಾಗುತ್ತದೆ, ಟ್ಯೂಬು ವಾಲಿಸಿದಾಗ ಮೇವು ಜಾರುತ್ತದೆ. ಇಳಿಸಿದ ಮೇಲೆ ಸೇರಿಸಿದರೆ ಹೆಪ್ಪೇನೋ ಕೂರುತ್ತದೆ, ಆದರೆ ಹುಳಿಗೆ ಬೂಸಲು ಹಿಂಜರಿಯುತ್ತದೆ, ನೊಣವೂ ಕಡಿಮೆ ತಿಂದೀತು. ಕಡಿಮೆ ತಿಂದ ನೊಣ ಹೆಚ್ಚು ಕಾಲ ಬದುಕುವುದು ಈ ಕ್ಷೇತ್ರದಲ್ಲಿ ಹಳೆಯ ಸಂಗತಿ. ಸಾಲದ್ದಕ್ಕೆ ಮಳೆಗಾಲದಲ್ಲಿ ಕೊಯ್ದ ಉಪ್ಪಾಗೆಯನ್ನು ಬೆಂಕಿಯ ಮೇಲೆ ಒಣಗಿಸುವುದರಿಂದ ಹೊಗೆಯ ಅಂಶವೂ ಅದರೊಳಗಿರುತ್ತದೆ. ಆದ್ದರಿಂದ ಮೊದಲ ಗುಂಪಿಗೆ ಉಪ್ಪಾಗೆ, ಎರಡನೆಯದಕ್ಕೆ ನೀರು, ಮೂರನೆಯದಕ್ಕೆ ಅಷ್ಟೇ ಹುಳಿಯಾಗುವಷ್ಟು ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ). ಹುಳಿ ಸಮವಾಯಿತೇ ಎಂದು ಪಿಎಚ್ ಕಾಗದದಲ್ಲಿ ನೋಡಬೇಕು. ಉಪ್ಪಾಗೆ ಗುಂಪು ನಿಂಬೆ ಉಪ್ಪಿನ ಗುಂಪಿಗಿಂತಲೂ ಹೆಚ್ಚು ಬದುಕಿದರೆ ಆಗ ಮಾತನಾಡಬಹುದು.

ಎಷ್ಟು ತಿಂದಿತು ಎಂಬುದನ್ನು ಮನೆಯಲ್ಲೂ ನೋಡಬಹುದು. ಸಿಹಿತಿಂಡಿಗೆ ಹಾಕುವ ನೀಲಿ ಬಣ್ಣ, ಅಂದರೆ ಬ್ರಿಲಿಯಂಟ್ ಬ್ಲೂ, ಮೂರೂ ಬಗೆಯ ಮೇವಿಗೆ ಸಮನಾಗಿ ಬೆರೆಸಿ, ಪ್ರಯೋಗದ ಲೆಕ್ಕಕ್ಕೆ ಸೇರದ ನೊಣಗಳನ್ನು ಒಂದು ಗಂಟೆ ಬಿಡಿ. ಆಮೇಲೆ ಇಪ್ಪತ್ತಿಪ್ಪತ್ತು ನೊಣವನ್ನು ಒಂದು ಮಿ.ಲೀ. ನೀರಿನಲ್ಲಿ ಅರೆದು ತಿಳಿ ನೀರಿನ ಬಣ್ಣ ಹೋಲಿಸಿ. ಒಂದು ಗುಂಪಿನದು ಕಣ್ಣಿಗೇ ತೆಳುವಾಗಿ ಕಂಡರೆ ಅದು ಉಪವಾಸದ ಪ್ರಯೋಗವಾಯಿತು. ಹೆಣ್ಣಿನ ಮೊಟ್ಟೆ ಎಣಿಸುವುದೂ ಇಂಥದೇ ಸಾಕ್ಷಿ; ಮೊಟ್ಟೆ ಕಡಿಮೆಯಾಗಿ ಆಯಸ್ಸು ಹೆಚ್ಚಿದ್ದರೆ ಮೊದಲು ಊಟದ ಮೇಲೆ ಅನುಮಾನ ಪಡಬೇಕು.

ಒಂದೇ ದಿನ ಕೋಶದಿಂದ ಹೊರಬಂದ ನೊಣಗಳನ್ನು ಎರಡು ದಿನ ಕೂಡಲು ಬಿಟ್ಟು, ಮಂಜುಗಡ್ಡೆಯ ಮೇಲೆ ಮೂರ್ನಾಲ್ಕು ನಿಮಿಷ ಇಟ್ಟು ಗಂಡು ಹೆಣ್ಣು ಬೇರ್ಪಡಿಸಿ. ಗಂಡು ಚಿಕ್ಕದು, ಹಿಂಭಾಗ ಕಪ್ಪು ಮತ್ತು ಗುಂಡಗೆ, ಮುಂಗಾಲಿನಲ್ಲಿ ಕರಿ ಬಾಚಣಿಗೆ. ನೊಣದ ಮತಿ ತಪ್ಪಿಸುವ ಈಥರ್ ಮನೆಯಲ್ಲಿ ಬೇಡವೇ ಬೇಡ, ಅದು ಹೊತ್ತಿಕೊಳ್ಳಲು ಒಲೆಯ ಕಿಡಿ ಸಾಕು. ಟ್ಯೂಬಿನ ಬಾಯಿಗೆ ಹತ್ತಿ ಬಿರಡೆ. ಮೂರು ದಿನಕ್ಕೊಮ್ಮೆ ಹೊಸ ಮೇವಿಗೆ ಬದಲಿಸಿ, ಸತ್ತದ್ದನ್ನು ಎಣಿಸಿ. ತಪ್ಪಿಸಿಕೊಂಡದ್ದನ್ನೂ ಬಿರಡೆಗೆ ಸಿಕ್ಕಿ ಸತ್ತದ್ದನ್ನೂ ಬೇರೆ ಕಾಲಮಿನಲ್ಲಿ ಬರೆಯಬೇಕು. ಅವು ವಯಸ್ಸಾಗಿ ಸತ್ತ ಲೆಕ್ಕಕ್ಕೆ ಬರುವುದಿಲ್ಲ. ಬದಲಾವಣೆ ಹತ್ತು ದಿನ ತಡವಾದರೆ ಹೆಣ್ಣುಗಳ ಟ್ಯೂಬಿನಲ್ಲಿ ಮರಿ ನೊಣಗಳು ಹೊರಬಂದು ಯಾರು ಮುದುಕರು, ಯಾರು ಮೊಮ್ಮಕ್ಕಳು ಎಂದೇ ತಿಳಿಯದು. 75 ದಿನಕ್ಕೆ 25 ಸಲ ಬದಲಾವಣೆ, ಸಲಕ್ಕೆ 150 ಮಿ.ಲೀ.; ಒಟ್ಟು ನಾಲ್ಕು ಲೀಟರಿಗೂ ಕಡಿಮೆ ಮೇವು, ನಾನೂರು ಗ್ರಾಂ ಬೆಲ್ಲ.

ಶಾಖದ ಬಗ್ಗೆ ನಮ್ಮವರ ಲೆಕ್ಕಾಚಾರ ತಲೆಕೆಳಗಾಗಿದೆ. ಬೇಸಿಗೆ ರಜೆಯಲ್ಲಿ ಸಮಯವಿದೆ ಎಂದು ಏಪ್ರಿಲ್‌ನಲ್ಲಿ ಶುರು ಮಾಡುತ್ತಾರೆ. ಶಿವಮೊಗ್ಗದಲ್ಲಿ ಆಗ ಮಧ್ಯಾಹ್ನ 35 ದಾಟುತ್ತದೆ. ನೊಣ 30ರ ಸುತ್ತ ಗಂಡುತನವನ್ನೇ ಕಳೆದುಕೊಳ್ಳುತ್ತದೆ, ಆಯಸ್ಸೂ ಕುಗ್ಗುತ್ತದೆ. 18 ಡಿಗ್ರಿಯಲ್ಲಿಟ್ಟ ನೊಣ 25ರಲ್ಲಿಟ್ಟದ್ದಕ್ಕಿಂತ ಹೆಚ್ಚು ಕಡಿಮೆ ದುಪ್ಪಟ್ಟು ಬದುಕುವಾಗ, ಒಂದು ಗುಂಪು ಕಿಟಕಿಯ ಬಳಿ, ಇನ್ನೊಂದು ಫ್ರಿಡ್ಜಿನ ಹಿಂದೆ ಇದ್ದರೆ ಮುಗಿಯಿತು. ಹಗಲು ರಾತ್ರಿ ಏರಿಳಿತ ಕಡಿಮೆ ಇರುವುದು ತೀರ್ಥಹಳ್ಳಿ, ಹೊಸನಗರದ ಮಳೆಗಾಲದಲ್ಲೇ. ಬೂಸಲನ್ನು ಹಿಡಿತದಲ್ಲಿಟ್ಟರೆ ಜುಲೈ–ಸೆಪ್ಟೆಂಬರ್ ಈ ಪ್ರಯೋಗಕ್ಕೆ ಸೊಗಸಾದ ಕಾಲ. ಅದಕ್ಕೆ ಮೇವು ಸುರಿದ ಟ್ಯೂಬನ್ನು ತೆಳು ಬಟ್ಟೆ ಮುಚ್ಚಿ ಒಂದು ರಾತ್ರಿ ಆರಿಸಿ, ಗೋಡೆಯ ಮೇಲಿನ ಹನಿಗಳನ್ನು ಒರೆಸಿಯೇ ನೊಣ ಬಿಡಬೇಕು. ಮೂರೂ ಗುಂಪು ಒಂದೇ ಥರ್ಮೊಕೋಲ್ ಪೆಟ್ಟಿಗೆಯಲ್ಲಿರಲಿ, ಬದಲಿಸಿದಾಗಲೆಲ್ಲ ಟ್ಯೂಬುಗಳ ಜಾಗವೂ ಅದಲುಬದಲಾಗಲಿ. ಪೆಟ್ಟಿಗೆಯ ಕಾಲಿಗೆ ನೀರಿನ ತಟ್ಟೆ ಇಟ್ಟರೆ ಇರುವೆ ಹತ್ತುವುದಿಲ್ಲ. ಆ ಕೋಣೆಯಲ್ಲಿ ಸೊಳ್ಳೆ ಬತ್ತಿ, ಲಿಕ್ವಿಡ್ ಯಂತ್ರ ಎರಡೂ ಬೇಡ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಸೊಳ್ಳೆಯನ್ನಷ್ಟೇ ಆರಿಸಿ ಕೊಲ್ಲುವುದಿಲ್ಲ.

ಟ್ಯೂಬಿನ ಮೇಲೆ ಗುಂಪಿನ ಹೆಸರು ಬರೆಯದೆ ಬರಿಯ ಸಂಖ್ಯೆ ಹಾಕಿ, ಯಾವ ಸಂಖ್ಯೆ ಯಾವ ಗುಂಪು ಎಂಬ ಚೀಟಿ ಎಣಿಸದವರ ಬಳಿ ಇರಲಿ. ಅಲುಗಾಡುವ ನೊಣವನ್ನು ಸತ್ತಿತೋ ಇಲ್ಲವೋ ಎಂದು ತೀರ್ಮಾನಿಸುವಾಗ ಆಸೆ ಕೈ ಹಿಡಿದೆಳೆಯುತ್ತದೆ. ಕೊನೆಯಲ್ಲಿ ಅತಿ ಹೆಚ್ಚು ಬದುಕಿದ ಒಂದು ನೊಣದ ವಯಸ್ಸು ತೋರಿಸುವುದು ಅರ್ಥಹೀನ. ಅರ್ಧ ನೊಣಗಳು ಸಾಯುವ ಹೊತ್ತಿಗೆ ಎಷ್ಟು ದಿನ ಎಂಬುದನ್ನು ಟ್ಯೂಬುವಾರು ಕೊಡಬೇಕು. ಹತ್ತು ಟ್ಯೂಬುಗಳಲ್ಲಿ ಎರಡು ಮಾತ್ರ ಮುಂದಿದ್ದು ಉಳಿದವು ಸಮವಾಗಿದ್ದರೆ ಪುಡಿಗಿಂತ ಆ ಎರಡು ಟ್ಯೂಬುಗಳನ್ನೇ ಪರೀಕ್ಷಿಸಬೇಕು.

ಇಷ್ಟು ಕಟ್ಟುನಿಟ್ಟು ಶಾಲೆಯ ಮಕ್ಕಳಿಗೆ ಬೇಕೇ ಎಂದು ಕೇಳಬಹುದು. ದ್ರಾಕ್ಷಿಯ ರೆಸ್ವೆರಟ್ರಾಲ್ ನೊಣದ ಆಯಸ್ಸು ಹೆಚ್ಚಿಸುತ್ತದೆ ಎಂದು 2004ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. 2007ರಲ್ಲಿ ಮತ್ತೊಂದು ತಂಡ ಮರುಪರೀಕ್ಷಿಸಿದಾಗ ಗುರುತಿಸುವಂಥ ಪರಿಣಾಮ ಸಿಗಲಿಲ್ಲ. ಅಷ್ಟರಲ್ಲಿ ಮಾತ್ರೆ ಅಂಗಡಿಗೆ ಬಂದಾಗಿತ್ತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಕೂಡ 2012ರ ಪರೀಕ್ಷೆಯಲ್ಲಿ ನೊಣದ ಆಯಸ್ಸನ್ನು ಹೆಚ್ಚಿಸಲಿಲ್ಲ. ರಾಪಾಮೈಸಿನ್ 2010ರಲ್ಲಿ ಹೆಚ್ಚಿಸಿತು, ನಿಜ. ಆದರೆ ಅದು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ, ಮನೆಯ ಪ್ರಯೋಗಕ್ಕೂ ಅಲ್ಲ, ಬಾಯಿಗೂ ಅಲ್ಲ. ಒಂದು ಮಿಲಿಗ್ರಾಂ ತೂಗುವ ಜೀವಕ್ಕೆ ಕೊಟ್ಟ ಪ್ರಮಾಣವನ್ನು ಗುಣಿಸಿ ಅರವತ್ತು ಕಿಲೋ ಮನುಷ್ಯನಿಗೆ ಚಮಚದ ಲೆಕ್ಕ ಹೇಳುವವರು ಈಗಲೂ ಇದ್ದಾರೆ.

ಆದ್ದರಿಂದ ಇಂಥ ಸುದ್ದಿ ಬಂದಾಗ ಎಷ್ಟು ನೊಣ, ಎಷ್ಟು ಟ್ಯೂಬು, ಎಷ್ಟು ಡಿಗ್ರಿ, ಪುಡಿ ತಿನ್ನದ ಗುಂಪಿನ ಅರ್ಧ ನೊಣಗಳು ಸಾಯುವ ಹೊತ್ತಿಗೆ ಎಷ್ಟು ದಿನ ಎಂಬ ನಾಲ್ಕು ಅಂಕಿಗಳನ್ನು ಫೋಟೊದ ಕೆಳಗೆ ಹಾಕಿ. ಎರಡು ಸಾಲಿಗಿಂತ ಹೆಚ್ಚು ಜಾಗ ಹಿಡಿಯದು. ವ್ಯತ್ಯಾಸವೇ ಬರಲಿಲ್ಲ ಎಂದು ನೇರವಾಗಿ ಬರೆದ ಪ್ರಾಜೆಕ್ಟು ಸಿಕ್ಕರೆ ಅದರ ಫೋಟೊವನ್ನೂ ಹಾಕಿ.

— ಪ್ರಾಣಿಶಾಸ್ತ್ರ ಉಪನ್ಯಾಸಕರು, ಶಿವಮೊಗ್ಗ