ಶಾಲಾ ಚೆಸ್‌ಗೆ ನಾಕೌಟ್ ಬೇಡ, ಸ್ವಿಸ್ ಪದ್ಧತಿ ಬರಲಿ

ಮಾನ್ಯರೇ,

ಕಳೆದ ಮಳೆಗಾಲದಲ್ಲಿ ಶಿವಮೊಗ್ಗದಲ್ಲಿ ನಡೆದ ಶಾಲಾ ಮಕ್ಕಳ ಚೆಸ್ ಪಂದ್ಯಾವಳಿಯೊಂದಕ್ಕೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ತೀರ್ಥಹಳ್ಳಿಯಿಂದ ಬೆಳಗಿನ ಮೊದಲ ಬಸ್ಸು, ಸುಮಾರು 60 ಕಿಲೋಮೀಟರ್ ದಾರಿ. ಮಂಡಗದ್ದೆ ದಾಟುವವರೆಗೂ ಅವಳು ತೊಡೆಯ ಮೇಲೆ ಪುಟ್ಟ ಬೋರ್ಡ್ ಇಟ್ಟುಕೊಂಡು ಕುದುರೆ ನಡೆಸುತ್ತಲೇ ಇದ್ದಳು. ಪಂದ್ಯಾವಳಿಯಲ್ಲಿ ಸ್ಟೀಲ್ ಡಬ್ಬಿಯಿಂದ ಚೀಟಿ ಎತ್ತಿ ಜೋಡಿ ಮಾಡಿದರು. ಮೊದಲ ಸುತ್ತಿನಲ್ಲೇ ಅವಳಿಗೆ ಎದುರಾದವನು ಹಿಂದಿನ ವರ್ಷದ ವಿಜೇತ. ಹತ್ತೂವರೆಗೆ ಆಟ ಮುಗಿಯಿತು. ನಾಕೌಟ್ ಆದ್ದರಿಂದ ಅವಳ ಪಂದ್ಯಾವಳಿಯೂ ಅಲ್ಲಿಗೇ ಮುಗಿಯಿತು. ಕಾಲುಚೀಲದ ಒದ್ದೆ ಇನ್ನೂ ಆರಿರಲಿಲ್ಲ. ಪಕ್ಕದ ಮೇಜಿನಲ್ಲಿ ಡ್ರಾ ಆದ ಆಟವನ್ನು ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಚೆನ್ನಾಗಿ ಆಡಿದ್ದ ಹುಡುಗ ನೆಲದ ಮೇಲಿದ್ದ ಆ ನಾಣ್ಯವನ್ನೇ ನೋಡುತ್ತಾ ನಿಂತಿದ್ದ. ಅವನ ಮುಖ ನನಗೆ ಮರೆಯುತ್ತಿಲ್ಲ.

ಮಗಳು ಸೋತಳೆಂದು ಬರೆಯುತ್ತಿಲ್ಲ. 64 ಮಕ್ಕಳು ಬಂದರೆ ನಾಕೌಟ್‌ನಲ್ಲಿ 32 ಮಕ್ಕಳು ಒಂದೇ ಆಟಕ್ಕೆ ಮನೆ ಸೇರುತ್ತಾರೆ. ಎಲ್ಲರೂ ಎಲ್ಲರೊಂದಿಗೆ ಆಡುವ ಲೀಗ್‌ಗೆ 63 ಸುತ್ತು ಬೇಕು, ಅದು ಆಗದ ಮಾತು. ಇವೆರಡರ ನಡುವಿನ ದಾರಿಯೇ ಸ್ವಿಸ್ ಪದ್ಧತಿ. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಕೆಗೆ ಬಂದ ಈ ಪದ್ಧತಿಯಲ್ಲಿ ಯಾರೂ ಹೊರಬೀಳುವುದಿಲ್ಲ. ಪ್ರತಿ ಸುತ್ತಿನಲ್ಲೂ ಸಮಾನ ಅಂಕ ಪಡೆದವರು ಎದುರುಬದುರಾಗುತ್ತಾರೆ. ಒಮ್ಮೆ ಆಡಿದವರು ಮತ್ತೆ ಎದುರಾಗುವುದಿಲ್ಲ. ಡ್ರಾ ಆದರೆ ಇಬ್ಬರಿಗೂ ಅರ್ಧ ಅಂಕ, ನಾಣ್ಯಕ್ಕೆ ಅಲ್ಲಿ ಕೆಲಸವೇ ಇಲ್ಲ.

ಸಮಯ ಸಾಲದು, ಬೋರ್ಡ್ ಸಾಲದು ಎಂದು ಸಂಘಟಕರು ಹೇಳುತ್ತಾರೆ. ಲೆಕ್ಕ ಹಾಕಿ ನೋಡಲಿ. 64 ಮಕ್ಕಳ ನಾಕೌಟ್‌ಗೂ ಆರು ಸುತ್ತು ಬೇಕು, ಸ್ವಿಸ್‌ಗೂ ಆರೇ ಸಾಕು. ನಾಕೌಟ್‌ನ ಮೊದಲ ಸುತ್ತಿಗೇ 32 ಬೋರ್ಡ್ ಹಾಕಿರುತ್ತಾರೆ, ಅವನ್ನೇ ಕೊನೆಯವರೆಗೂ ಎತ್ತಿಡದಿದ್ದರಾಯಿತು. ಆಟಗಾರರಿಬ್ಬರಿಗೂ ತಲಾ 15 ನಿಮಿಷದ ಆಟವಾದರೆ, ನಡುವೆ ಜೋಡಿ ಹಾಕುವ ಹೊತ್ತೂ ಸೇರಿ ನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ. ನಾಕೌಟ್‌ನಲ್ಲಿ ಒಟ್ಟು 63 ಆಟ, ಸ್ವಿಸ್‌ನಲ್ಲಿ 192.

ನಾಕೌಟ್‌ನಲ್ಲಿ ರೋಚಕತೆ ಹೆಚ್ಚು ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. ಸ್ವಿಸ್‌ನಲ್ಲಿ ಸುತ್ತು ಕಳೆದಂತೆ ಸಮಬಲದವರೇ ಎದುರಾಗುವುದರಿಂದ ಅಂಕಪಟ್ಟಿಯಲ್ಲಿ ಕೆಳಗಿರುವವರು ಆಡುವ ಇಪ್ಪತ್ತನೇ ಬೋರ್ಡಿನ ಆಟವೂ ಬಿಗಿಯಾಗುತ್ತದೆ. 2024ರ ಬುಡಾಪೆಸ್ಟ್ ಚೆಸ್ ಒಲಿಂಪಿಯಾಡ್ ನಡೆದದ್ದೂ ಸ್ವಿಸ್ ಪದ್ಧತಿಯ 11 ಸುತ್ತುಗಳಲ್ಲಿ. ನಮ್ಮ ಮಹಿಳಾ ತಂಡ ಎಂಟನೇ ಸುತ್ತಿನಲ್ಲಿ ಪೋಲೆಂಡ್‌ಗೆ ಸೋತಿತು, ಮುಂದಿನ ಸುತ್ತಿನಲ್ಲಿ ಅಮೆರಿಕದೊಂದಿಗೆ ಸಮ ಮಾಡಿಕೊಂಡಿತು, ಆದರೂ ಚಿನ್ನ ಗೆದ್ದಿತು. ಅಲ್ಲಿ ನಾಕೌಟ್ ಇದ್ದಿದ್ದರೆ ಆ ಚಿನ್ನ ಎಲ್ಲಿರುತ್ತಿತ್ತು? ಚೆಸ್ ವಿಶ್ವಕಪ್ ನಾಕೌಟ್ ಅಲ್ಲವೇ ಎನ್ನಬಹುದು. ಹೌದು, ಆದರೆ ಅಲ್ಲಿ ಪ್ರತಿ ಜೋಡಿಗೂ ಬಿಳಿ ಕಾಯಿಯಲ್ಲೊಂದು, ಕಪ್ಪು ಕಾಯಿಯಲ್ಲೊಂದು ಆಟ ಇರುತ್ತದೆ. ಸಮವಾದರೆ ಮತ್ತೆ ಕ್ಷಿಪ್ರ ಆಟಗಳಿರುತ್ತವೆ.

ಸ್ವಿಸ್‌ನಲ್ಲಿ ತೊಡಕೇ ಇಲ್ಲವೆನ್ನಲಾರೆ. ಕೊನೆಗೆ ಇಬ್ಬರು ಮೂವರ ಅಂಕ ಸಮವಾಗುವುದುಂಟು. ಆಗ ಎದುರಾಳಿಗಳ ಅಂಕಗಳನ್ನು ಕೂಡಿ ಸ್ಥಾನ ಕೊಡುವ ಬುಕೋಲ್ಜ್ ಕ್ರಮವಿದೆ. ಅದನ್ನು ಬಹುಮಾನದ ಹೊತ್ತಿನಲ್ಲಿ ಹೇಳಿದರೆ ಜಗಳ, ಮೊದಲೇ ಹೇಳಿದರೆ ನಿಯಮ. ಮುಂದಿನ ಪಂದ್ಯಾವಳಿಯ ಸುತ್ತೋಲೆಯಲ್ಲೇ ಎಷ್ಟು ಸುತ್ತು, ಅಂಕ ಸಮವಾದರೆ ಯಾವ ಕ್ರಮ ಎಂಬುದನ್ನು ಮುದ್ರಿಸಬೇಕು. ಪ್ರತಿ ಸುತ್ತಿನ ಜೋಡಿಪಟ್ಟಿಯನ್ನು ಗೋಡೆಗೆ ಅಂಟಿಸಬೇಕು. ಜೋಡಿ ಹಾಕಲು ಒಂದು ಲ್ಯಾಪ್‌ಟಾಪ್ ಸಾಕು, ತಂತ್ರಾಂಶ ಉಚಿತವಾಗಿ ಸಿಗುತ್ತದೆ. ನಡೆಸಿಕೊಡುವವರು ಬೇಕಿದ್ದರೆ ನಾನೂ ನನ್ನ ಇಬ್ಬರು ಗೆಳೆಯರೂ ಅಂದು ಬೆಳಿಗ್ಗೆ ಎಂಟಕ್ಕೇ ಬಂದು ಕೂರುತ್ತೇವೆ.

– ಆಟಗಾರ್ತಿಯೊಬ್ಬಳ ತಂದೆ, ತೀರ್ಥಹಳ್ಳಿ